ಕೈಗೆ ಬಿಸಿ ಎನ್ನಿಸಿದ ಹಿಟ್ಟು

ಜನವರಿ ೫, ಸೋಮವಾರ

ಮೈದಾ ಗಿರಣಿಯವರು ಪ್ರತಿ ವರ್ಷ ಒಂದು ಡೈರಿ ಕೊಡುತ್ತಾರೆ. ಪ್ರತಿ ವರ್ಷ ಅದು ಬೆಣ್ಣೆ ಡಬ್ಬದ ಕೆಳಗೆ ಕೂತು ಜಿಡ್ಡು ಕುಡಿಯುತ್ತದೆ. ಈ ಸಲ ನಾನೇ ಎತ್ತಿಟ್ಟುಕೊಂಡೆ. ಗಿರಣಿಯವರ ಮೈದಾ ಕೆಟ್ಟಿದೆ ಎಂದು ನನಗೆ ಬಲವಾದ ಅನುಮಾನ. ಅವರ ಬಂಡವಾಳವನ್ನು ಅವರದೇ ಡೈರಿಯಲ್ಲಿ ಬಯಲು ಮಾಡುತ್ತೇನೆ.

ನಮ್ಮ ಬೇಕರಿಯಲ್ಲಿ ಓವನ್ ಅಣ್ಣನದು, ಕೌಂಟರ್ ಅತ್ತಿಗೆಯದು, ಹಿಟ್ಟು ನನ್ನದು. ಅಪ್ಪ ಇದ್ದಾಗಿನಿಂದಲೂ ಹೀಗೇ. ಹಿಟ್ಟು ಕಲಸಲು ಮಷೀನು ಬಂದ ಮೇಲೂ ಕೊನೆಯ ಮಾತು ನನ್ನ ಅಂಗೈಯದೇ. ಮಷೀನಿನಿಂದ ಇಳಿದ ಹಿಟ್ಟಿನ ಮೇಲೆ ಕೈ ಒತ್ತುತ್ತೇನೆ. ಬಿಸಿ ಎನ್ನಿಸಿದರೆ ಮುಂದಿನ ಸಲ ಐಸ್ ನೀರು ಜಾಸ್ತಿ, ಈ ಸಲದ್ದು ಬೇಗ ಓವನ್ನಿಗೆ. ತಣ್ಣಗಿದ್ದರೆ ತಾಳ್ಮೆಯಿಂದ ಉಬ್ಬಲು ಬಿಡಬೇಕು. ಇಷ್ಟೇ ವಿದ್ಯೆ. ಆದರೆ ಈ ವಿದ್ಯೆ ಅಣ್ಣನಿಗೆ ಹತ್ತಲಿಲ್ಲ, ನನಗೆ ಹತ್ತಿತು. ಅಪ್ಪ ಅದನ್ನು ಕೈಗುಣ ಎನ್ನುತ್ತಿದ್ದರು. ಬಂದವರ ಮುಂದೆಲ್ಲ ಎನ್ನುತ್ತಿದ್ದರು, ಅಣ್ಣ ಇದ್ದಾಗ ಇನ್ನೂ ಸ್ವಲ್ಪ ಜೋರಾಗಿ.

ಈಚೆಗೆ ಬ್ರೆಡ್ಡು ಬಿಗಿಯಾಗುತ್ತಿದೆ. ಅರಳುವುದೇ ಇಲ್ಲ, ಪಕ್ಕದಲ್ಲಿ ಬಿರಿದುಕೊಳ್ಳುತ್ತದೆ. ಹಿಟ್ಟು ದಿನಾ ಬಿಸಿಯಾಗಿ ಇಳಿಯುತ್ತಿದೆ. ನಾನು ಎಷ್ಟು ಐಸ್ ಸುರಿದರೂ ಬಿಸಿಯೇ. ಮೈದಾದ್ದೇ ದೋಷ.

ಜನವರಿ ೯, ಶುಕ್ರವಾರ

ಮೈದಾ ಮೂಟೆಗಳಿರುವ ಮಹಡಿಯ ಮೆಟ್ಟಿಲನ್ನು ಯಾರೋ ಎತ್ತರ ಮಾಡಿದ್ದಾರೆ. ಅಣ್ಣನನ್ನು ಕೇಳಿದೆ. ರಿಪೇರಿ ಮಾಡಿಸಿಯೇ ಇಲ್ಲ ಎಂದ. ಅವನಿಗೆ ತನ್ನ ಅಂಗಡಿಯಲ್ಲಿ ಏನು ನಡೆಯುತ್ತದೆ ಎಂಬುದೇ ಗೊತ್ತಿರುವುದಿಲ್ಲ. ನಾನು ಮಧ್ಯದಲ್ಲಿ ಒಂದು ಗಳಿಗೆ ನಿಂತು, ಗೋಡೆಯ ಸುಣ್ಣ ಎಲ್ಲೆಲ್ಲಿ ಉದುರಿದೆ ಎಂದು ನೋಡಿಕೊಂಡು ಮೇಲೆ ಹೋದೆ. ಸುಮ್ಮನೆ ನಿಂತಿದ್ದಲ್ಲ, ತಪಾಸಣೆ.

ಇವತ್ತೂ ಹಿಟ್ಟು ಬಿಸಿ. ಬೇಗನೆ ಓವನ್ನಿಗೆ ಕೊಟ್ಟೆ. ಬ್ರೆಡ್ಡು ಇಟ್ಟಿಗೆಯಾಗಿ ಹೊರಬಂತು.

ಜನವರಿ ೧೬, ಶುಕ್ರವಾರ

ಹೊಸ ದಿಂಬು ತಂದೆ. ಹಳೆಯದರಲ್ಲಿ ಹತ್ತಿಯೆಲ್ಲ ಒಂದು ಮೂಲೆಗೆ ಸೇರಿ ನಿದ್ದೆ ಕೆಡಿಸುತ್ತಿತ್ತು. ಹೊಸದೂ ಸುಖವಿಲ್ಲ. ಎಂಟು ಗಂಟೆಗೇ ಮಲಗುತ್ತೇನೆ, ಬೆಳಿಗ್ಗೆ ಎದ್ದರೆ ಮಲಗಿಯೇ ಇರಲಿಲ್ಲವೇನೋ ಎನ್ನಿಸುತ್ತದೆ. ಅಂಗಡಿಯವನು ದಿಂಬನ್ನು ಬಹಳ ಹೊಗಳಿದ್ದ. ಅವನೂ ಗಿರಣಿಯವರ ಜಾತಿಯೇ.

ತಿಂಡಿ ತಿನ್ನುವಾಗ ನಮ್ಮ ಯಜಮಾನರು ಮುಖ ಊದಿಸಿಕೊಂಡಿದ್ದರು. ಇಡೀ ದಿನ ಬಸ್ಸು ಓಡಿಸಿ ಬರುವ ಮನುಷ್ಯ, ಹಾಸಿಗೆಗೆ ಬಿದ್ದರೆ ಕಟ್ಟಿಗೆ.

"ರಾತ್ರಿಯೆಲ್ಲ ಸೈಕಲ್ ಹೊಡೀತೀಯಲ್ಲೇ. ಎಲ್ಲಿಗ್ ಹೋಗ್ತಿದ್ದೀಯ? ಹೇಳು, ಬಸ್ಸಲ್ಲೇ ಬಿಟ್ ಬರ್ತೀನಿ" ಎಂದರು.

"ಕಾಲು ಒಂಥರಾ ಜುಮ್ ಅನ್ನುತ್ತೆ ರೀ. ಅಲ್ಲಾಡಿಸ್ದೆ ಇರಕ್ಕಾಗಲ್ಲ."

"ಡಾಕ್ಟರ್ ಹತ್ರ ತೋರಿಸ್ಬಾರ್ದಾ?"

"ಕಾಲು ಅಲ್ಲಾಡತ್ತೆ ಅಂತ ಯಾರಾದ್ರೂ ಡಾಕ್ಟರ್ ಹತ್ರ ಹೋಗ್ತಾರಾ? ಅಲ್ಲಾಡ್ದೇ ಇದ್ರೆ ಹೋಗ್ಬೇಕು" ಎಂದೆ. ನನ್ನ ಜೊತೆ ಮಾತಿಗೆ ಮಾತು ಕೊಟ್ಟು ಗೆದ್ದವರು ಇನ್ನೂ ಹುಟ್ಟಿಲ್ಲ.

ಜನವರಿ ೨೦, ಮಂಗಳವಾರ

ಐಸಿನ ರುಚಿ ಇಷ್ಟು ವರ್ಷ ನನಗೆ ತಿಳಿದೇ ಇರಲಿಲ್ಲ. ಹಿಟ್ಟಿಗೆಂದು ಒಡೆದಿಟ್ಟ ಚೂರುಗಳಲ್ಲಿ ಒಂದನ್ನು ಬಾಯಿಗೆ ಹಾಕಿಕೊಂಡು ಕಟಕಟ ಕಡಿದರೆ ತಲೆ ತಿಳಿಯಾಗುತ್ತದೆ. ಒಂದು ಎಂದುಕೊಂಡಿದ್ದು ಬಟ್ಟಲು ಖಾಲಿಯಾಗುವವರೆಗೂ ನಡೆಯಿತು. ಅತ್ತಿಗೆ ನೋಡಿದರು.

"ಪುಟ್ಟಿ, ಮೈಮೇಲೆ ಸ್ವೆಟರ್, ಬಾಯಲ್ಲಿ ಐಸು. ಏನು ಕಥೆ ನಿನ್ನದು?"

ಐವತ್ತರ ಹತ್ತಿರ ಬಂದರೂ ಈ ಮನೆಯಲ್ಲಿ ನಾನು ಪುಟ್ಟಿಯೇ. ಓವನ್ ಪಕ್ಕದಲ್ಲಿ ಸ್ವೆಟರ್ ಏಕೆ ಎಂದರೆ ಈ ವರ್ಷ ಗಾಳಿ ವಿಪರೀತ. ಉಳಿದವರಿಗೆ ಗಾಳಿ ಗೊತ್ತಾಗುತ್ತಿಲ್ಲ, ಅದಕ್ಕೆ ನಾನೇನು ಮಾಡಲಿ?

ಜನವರಿ ೨೮, ಬುಧವಾರ

ಕಾಲೇಜು ಹಾಸ್ಟೆಲ್ಲಿನವರು ಬ್ರೆಡ್ಡನ್ನು ವಾಪಸ್ ಕಳಿಸಿದರು. ನಮ್ಮ ಬ್ರೆಡ್ಡಿನಲ್ಲಿ ಅರ್ಧದಷ್ಟು ಹೋಗುವುದೇ ಅಲ್ಲಿಗೆ. ಅಲ್ಲಿನ ಅಡುಗೆಯಾಕೆ ತಾನೇ ಬುಟ್ಟಿ ಹೊತ್ತು ಬಂದು ಕೌಂಟರಿನ ಮೇಲೆ ಕುಕ್ಕಿದಳು.

"ಇದನ್ನ ಕುಯ್ಯೋಕೆ ಚಾಕು ಸಾಲ್ದು, ಗರಗಸ ಕೊಡಿ" ಎಂದಳು.

ಗಿರಾಕಿಗಳೆಲ್ಲ ನಕ್ಕರು. ನಾನು ಒಳಗೆ, ಕೆಳಗಿಳಿಸಿಟ್ಟಿದ್ದ ಮೈದಾ ಮೂಟೆಗಳ ಹಿಂದೆ ನಿಂತು ಕೇಳಿಸಿಕೊಂಡೆ. ಕಿವಿಯವರೆಗೂ ಬಿಸಿಯಾಯಿತು. ಅಪ್ಪನ ಕಾಲದಿಂದ ಈ ಬೇಕರಿಯ ಬ್ರೆಡ್ಡು ಹೊರಗೆ ಹೋಗಿದ್ದುಂಟು, ಒಳಗೆ ಬಂದಿದ್ದಿಲ್ಲ.

ಬೇರೆ ಗಿರಣಿಯ ಮೈದಾ ತರಿಸು ಎಂದು ಅಣ್ಣನಿಗೆ ಹೇಳಿದೆ. ಅವನು ನನ್ನ ಮುಖ ನೋಡದೆ ಹೇಳಿದ: "ಹೋದ ವಾರದಿಂದ ಬೇರೆ ಗಿರಣೀದೇ ಪುಟ್ಟಿ."

ಹಾಗಾದರೆ ಈಸ್ಟ್ ಕೆಟ್ಟಿರಬೇಕು.

ಫೆಬ್ರವರಿ ೩, ಮಂಗಳವಾರ

ಈಸ್ಟ್ ಕೂಡ ಹೊಸದು.

ಫೆಬ್ರವರಿ ೫, ಗುರುವಾರ

ಇವತ್ತಿನದನ್ನು ನಡೆದ ಹಾಗೇ ಬರೆಯುತ್ತೇನೆ. ಬಣ್ಣ ಕಟ್ಟುವುದಿಲ್ಲ.

ಅತ್ತಿಗೆ ಒಂದು ಥರ್ಮಾಮೀಟರ್ ತಂದಿದ್ದಾರೆ. ಹಿಟ್ಟಿಗೆ ಚುಚ್ಚುವುದಂತೆ. ದೊಡ್ಡ ಬೇಕರಿಗಳಲ್ಲೆಲ್ಲ ಇದೆಯಂತೆ. ನನ್ನ ಎದುರಿಗೇ ಬಿಚ್ಚಿ ತೊಳೆದರು. ನನ್ನ ಹೊಟ್ಟೆ ಉರಿದುಹೋಯಿತು. ನನ್ನ ಅಂಗೈ ಇರುವ ಮನೆಗೆ ಈ ಕಡ್ಡಿ ಏಕೆ?

"ನೋಡೇಬಿಡೋಣ ಅತ್ತಿಗೆ. ನಿಮ್ಮ ಕಡ್ಡಿ ಗೆಲ್ಲತ್ತೋ ನನ್ನ ಕೈ ಗೆಲ್ಲತ್ತೋ" ಎಂದೆ.

ಹಿಟ್ಟು ಇಳಿಯಿತು. ಕೈ ಒತ್ತಿದೆ. "ಬಿಸಿ" ಎಂದೆ. ಅತ್ತಿಗೆ ಕಡ್ಡಿ ಚುಚ್ಚಿ, "ತಣ್ಣಗಿದೆ ಅಂತಿದೆ. ಬಹಳ ತಣ್ಣಗೆ" ಎಂದರು. ಕಡ್ಡಿ ಕೆಟ್ಟಿದೆ ಎಂದೆ. ಅಣ್ಣನನ್ನು ಕರೆದರು. ಅವನು ಹಿಟ್ಟನ್ನು ಮುಟ್ಟಿ ಹಿಂಜರಿಯುತ್ತಾ ತಣ್ಣಗಿದೆ ಎಂದ. ಓವನ್ನಿನ ಬಿಸಿಗೆ ಬೆಂದ ಕೈ ಅದು, ಅದಕ್ಕೇನು ತಿಳಿಯುತ್ತದೆ ಎಂದೆ. ಆಗ ಅತ್ತಿಗೆ ತಾವೂ ಹಿಟ್ಟಿಗೆ ಕೈ ಇಟ್ಟರು. ಆಮೇಲೆ ಅದೇ ಕೈಯಿಂದ ನನ್ನ ಕೈ ಹಿಡಿದುಕೊಂಡು ಥಟ್ಟನೆ ಬಿಟ್ಟರು.

"ಅಯ್ಯೋ, ಹಿಟ್ಟು ಬಿಸಿ ಇಲ್ಲ ಕಣೇ. ನಿನ್ನ ಕೈ ತಣ್ಣಗಿದೆ! ಇಷ್ಟು ತಣ್ಣಗಿರೋ ಕೈಗೆ ಎಲ್ಲಾನೂ ಬಿಸೀನೇ."

"ಐಸ್ ಮುಟ್ಟಿದ್ದೆ" ಎಂದೆ.

"ಯಾವಾಗ? ಇವತ್ತು ಐಸ್ ಒಡೆದಿದ್ದು ನಾನು."

ಅಣ್ಣ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾ, ಹಾಸ್ಟೆಲ್ಲಿನಿಂದ ಇನ್ನೊಂದು ಸಲ ಬ್ರೆಡ್ಡು ವಾಪಸ್ ಬಂದರೆ ಹಿಟ್ಟನ್ನು ಅತ್ತಿಗೆ ನೋಡಿಕೊಳ್ಳಲಿ ಎಂದ. ಮೆಲ್ಲಗೇ ಹೇಳಿದ. ಕೂಗಿ ಹೇಳಿದ್ದರೆ ನಾನೂ ಕೂಗಬಹುದಿತ್ತು.

ಕೈಗುಣ ಹೋಗಿಬಿಟ್ಟಿತೇ? ಇದನ್ನು ಯಾರನ್ನು ಕೇಳುವುದು? ನನಗೆ ಬೇರೆ ಏನೂ ಬರುವುದಿಲ್ಲ. ಭಯವಾಗುತ್ತಿದೆ.

ಫೆಬ್ರವರಿ ೬, ಶುಕ್ರವಾರ

ಬಂತು. ಬುಟ್ಟಿ ತುಂಬ.

ಫೆಬ್ರವರಿ ೯, ಸೋಮವಾರ

ಮಹಡಿಯಲ್ಲಿ ಮೈದಾ ಮೂಟೆಯ ಮೇಲೆ ಒಂದು ನಿಮಿಷ ಕೂತೆ. ಏಳಲಾಗಲಿಲ್ಲ. ಎದೆ ಡಬಡಬ ಹೊಡೆದುಕೊಳ್ಳುತ್ತಿತ್ತು. ಅತ್ತಿಗೆ ಹುಡುಕಿಕೊಂಡು ಬಂದರು. ನಾನು ಬೈಸಿಕೊಳ್ಳಲು ತಯಾರಾಗಿದ್ದೆ. ಅವರು ಬೈಯಲಿಲ್ಲ. ಪಕ್ಕದ ಮೂಟೆಯ ಮೇಲೆ ಕೂತು ನನ್ನ ಚಪ್ಪಲಿಯ ಪಟ್ಟಿ ಹಾಕಿದರು.

"ಎದ್ದೇಳು. ಡಾಕ್ಟರ್ ಹತ್ರ ಹೋಗೋಣ. ನಿಮ್ಮಣ್ಣಂಗೆ ಆಮೇಲೆ ಹೇಳಿದ್ರಾಯ್ತು."

"ಕೌಂಟರ್?"

"ಹಾಳಾಗೋಗ್ಲಿ ಕೌಂಟರ್."

ಡಾಕ್ಟರಮ್ಮ ನನ್ನ ಕಣ್ಣಿನ ಕೆಳ ರೆಪ್ಪೆ ಎಳೆದು ನೋಡಿದರು, ಉಗುರು ನೋಡಿದರು. ನಾಲಿಗೆ ಚಾಚಿಸಿದರು. ಆಮೇಲೆ, "ಐಸ್ ತಿನ್ನೋ ಆಸೆ ಆಗ್ತಿದೆಯಾ?" ಎಂದು ಕೇಳಿದರು. ನಾನು ಅತ್ತಿಗೆಯ ಕಡೆ ತಿರುಗಿ ಕಣ್ಣು ಕೆಕ್ಕರಿಸಿದೆ. ಚಾಡಿ ಹೇಳಿದ್ದಾರೆ! "ನಾನಲ್ಲ, ದೇವರಾಣೆ" ಎಂದರು ಅತ್ತಿಗೆ. ಡಾಕ್ಟರಮ್ಮ ನಗುತ್ತಾ, ರಕ್ತ ಕಡಿಮೆಯಾದವರಲ್ಲಿ ಕೆಲವರಿಗೆ ಹೀಗೆ ಐಸಿನ ಹುಚ್ಚು ಹಿಡಿಯುತ್ತದೆ ಎಂದರು. ಕಾಲು ಎಳೆಯುತ್ತದೆಯಾ, ಚಳಿಯಾಗುತ್ತದೆಯಾ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯಾ ಎಂದು ಒಂದೊಂದೇ ಕೇಳಿದರು. ಹೌದು, ಹೌದು, ಹೌದು. ಕೊನೆಗೆ ಮುಟ್ಟಿನ ವಿಚಾರ ಕೇಳಿದರು.

ವರ್ಷದ ಮೇಲಾಯಿತು, ವಿಪರೀತ ಹೋಗುತ್ತಿದೆ. ವಯಸ್ಸಿನದು ಎಂದು ಸುಮ್ಮನಿದ್ದೆ. ಅದನ್ನು ಯಾರ ಬಳಿಯೂ ಬಾಯಿ ಬಿಟ್ಟಿರಲಿಲ್ಲ. ಅತ್ತಿಗೆಯ ಎದುರೇ ಹೇಳಬೇಕಾಯಿತು. ಅವರು ಕಿಟಕಿಯ ಕಡೆ ತಿರುಗಿ, "ನನಗೊಂದು ಮಾತು ಹೇಳ್ಬಾರ್ದಿತ್ತಾ" ಎಂದರು.

ಫೆಬ್ರವರಿ ೧೩, ಶುಕ್ರವಾರ

ಪರೀಕ್ಷೆಗಳ ಫಲಿತಾಂಶ ಬಂತು. ರಕ್ತ ಅರ್ಧಕ್ಕೆ ಇಳಿದಿದೆ. ಗರ್ಭಕೋಶದಲ್ಲಿ ಒಂದು ಗಡ್ಡೆ ಇದೆ, ಕೆಟ್ಟದ್ದಲ್ಲ, ಮಾತ್ರೆಗೆ ಬಗ್ಗಬಹುದಂತೆ. ಕಬ್ಬಿಣದ ಡ್ರಿಪ್ ಹಾಕುತ್ತಾರೆ. ಆಮೇಲೆ ತಿಂಗಳುಗಟ್ಟಲೆ ಮಾತ್ರೆ.

ಎಲ್ಲ ಕೇಳಿದ ಮೇಲೆ ನಾನು ಡಾಕ್ಟರಮ್ಮನನ್ನು ಒಂದೇ ಪ್ರಶ್ನೆ ಕೇಳಿದೆ. "ನನ್ನ ಕೈ ಮೊದಲಿನ ಹಾಗಾಗತ್ತಾ?"

ಅವರಿಗೆ ಅರ್ಥವಾಗಲಿಲ್ಲ. ಅತ್ತಿಗೆ ಬಿಡಿಸಿ ಹೇಳಿದರು: ಹಿಟ್ಟು, ಅಂಗೈ, ಅಪ್ಪ, ಎಲ್ಲ. ಡಾಕ್ಟರಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ನಿಮ್ಮ ಕೈ ಸುಳ್ಳು ಹೇಳಿಲ್ಲಮ್ಮ. ರಕ್ತ ಸಾಲದೆ ತಣ್ಣಗಾಗಿತ್ತು ಅಷ್ಟೇ. ರಕ್ತ ಬಂದ್ರೆ ಬಿಸಿ ಬರತ್ತೆ" ಎಂದರು.

ನಾನು ಅಲ್ಲೇ ಅತ್ತೆ. ಅಪ್ಪ ಹೋದಾಗಲೂ ಅಷ್ಟು ಜನರ ಮುಂದೆ ಅತ್ತಿರಲಿಲ್ಲ. ಸಂತೋಷಕ್ಕೆ ಅತ್ತಿದ್ದು, ನಾಚಿಕೆಯೇನಿಲ್ಲ.

ಫೆಬ್ರವರಿ ೨೩, ಸೋಮವಾರ

ಹಿಟ್ಟು ಈಗ ಅತ್ತಿಗೆಯ ಸುಪರ್ದಿ. ಬೆಳಕು ಹರಿಯುವ ಮುಂಚೆ ಎದ್ದು ಕಲಸುತ್ತಾರೆ. ಕಡ್ಡಿ ಚುಚ್ಚುತ್ತಾರೆ, ಕಾಯುತ್ತಾರೆ. ಬ್ರೆಡ್ಡು ಸುಮಾರಾಗಿ ಬರುತ್ತಿದೆ. ವಾಪಸ್ ಬಂದಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ನಾನು ಕೌಂಟರಿನಲ್ಲಿ ಕೂರುತ್ತೇನೆ. ಈ ಕೆಲಸ ನನ್ನ ಮೈಗೆ ಒಗ್ಗುವುದಿಲ್ಲ. ಇವತ್ತು ಒಬ್ಬಾಕೆ ಬನ್ ಕೇಳಿದರು. "ನಿನ್ನೇದು. ಬೇಡ ಬಿಡಿ" ಎಂದೆ. ಇದ್ದದ್ದನ್ನು ಹೇಳಿದ್ದಕ್ಕೆ ಅಣ್ಣ ಒಳಗಿನಿಂದಲೇ ತಲೆ ತಲೆ ಚಚ್ಚಿಕೊಂಡ.

ಡ್ರಿಪ್ ಹಾಕಿದ ಕೈ ಸ್ವಲ್ಪ ನೋಯುತ್ತದೆ. ಮಿಕ್ಕ ಹಾಗೆ ವಿಶೇಷವೇನಿಲ್ಲ. ಕಬ್ಬಿಣದಿಂದ ನನಗೇನೂ ವ್ಯತ್ಯಾಸ ಕಾಣಿಸಿಲ್ಲ.

ಮಾರ್ಚ್ ೯, ಸೋಮವಾರ

ದಿಂಬು ಕೊನೆಗೂ ಹದಕ್ಕೆ ಬಂತು. ಅಂಗಡಿಯವನು ಹೇಳಿದ್ದು ಸುಳ್ಳಲ್ಲ, ಪಾಪ, ಸುಮ್ಮನೆ ಬೈದಿದ್ದೆ. ಬೆಳಿಗ್ಗೆ ಎಚ್ಚರವಾದಾಗ ಎಲ್ಲಿದ್ದೇನೆ ಎಂದೇ ತಿಳಿಯಲಿಲ್ಲ. ಅಷ್ಟು ಗಾಢವಾಗಿ ಮಲಗಿದ್ದೆ. ಇವರು ತಿಂಡಿ ತಿನ್ನುತ್ತಾ, "ಸೈಕಲ್ ಕಳೆದುಹೋಯ್ತಾ?" ಎಂದರು. ಯಾವ ಸೈಕಲ್ ಎಂದು ನೆನಪಿಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.

ಬಟ್ಟಲಿನ ಐಸ್ ಚೂರು ಕೌಂಟರಿನ ಮೇಲೇ ಕರಗಿ ನೀರಾಗಿತ್ತು. ಅದನ್ನು ಗಿಡಕ್ಕೆ ಹಾಕಿದೆ.

ಮಾರ್ಚ್ ೧೭, ಮಂಗಳವಾರ

ಅಣ್ಣನ ಜೊತೆ ಜಗಳ. ವಿಷಯ: ಓವನ್ ಪಕ್ಕದ ಕಿಟಕಿ ಏಕೆ ಮುಚ್ಚಿರುತ್ತದೆ, ಸೆಖೆಗೆ ಪ್ರಾಣ ಹೋಗುತ್ತಿದೆ. "ಮುಚ್ಚಿಸಿದ್ದೇ ನೀನು, ಗಾಳಿ ಬರತ್ತೆ ಅಂತ!" ಎಂದ. ನನಗೆ ನೆನಪಿಲ್ಲ. ಮಹಡಿಗೆ ಹೋಗಿ ಒಂದು ಚೀಲ ಮೈದಾ ಇಳಿಸಿಕೊಂಡು ಬಂದೆ. ಹತ್ತುವಾಗ ಇಳಿಯುವಾಗ ಎರಡೂ ಹೊತ್ತು ಅವನಿಗೆ ಉತ್ತರ ಕೊಡುತ್ತಲೇ ಇದ್ದೆ. ಅವನು ಕೆಳಗೆ ನಿಂತು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದ. ಸೋತವರ ಮುಖ ಹಾಗೇ ಇರುತ್ತದೆ.

ಸಂಜೆ ಅವನೇ ಬಂದು, "ಪುಟ್ಟಿ, ಬರೋ ತಿಂಗಳು ಒಂದು ದಿನ ಹಿಟ್ಟು ನೋಡ್ತೀಯಾ? ಒಂದೇ ದಿನ. ನೋಡೋಣ" ಎಂದ.

ನೋಡೋಣ ಅಂತೆ! ಸಿಟ್ಟು ಬಂತು. ಆದರೂ ಆಗಲಿ ಎಂದೆ.

ಏಪ್ರಿಲ್ ೩, ಶುಕ್ರವಾರ

ಇವತ್ತು ಆ ದಿನ.

ಹಿಟ್ಟು ಇಳಿಯಿತು. ಕೈ ಮೇಲೆತ್ತಿದವಳು ಹಾಗೇ ನಿಂತೆ. ಇಟ್ಟರೆ ಮತ್ತೆ ಬಿಸಿ ಎನ್ನಿಸಿದರೆ? ಅಣ್ಣ ಓವನ್ ಬಾಗಿಲ ಬಳಿ ಬೇರೆ ಏನೋ ಮಾಡುವವನ ಹಾಗೆ ನಟಿಸುತ್ತಿದ್ದ. ಅತ್ತಿಗೆ ಟ್ರೇಗಳಿಗೆ ಎಣ್ಣೆ ಸವರುತ್ತಿದ್ದರು. ಕೈ ಒತ್ತಿದೆ.

ತಣ್ಣಗಿತ್ತು. ಕೈಗೆ ತಣ್ಣಗೆ ತಾಗಿತು. ಅಪ್ಪನ ಕಾಲದಲ್ಲಿ ತಾಗುತ್ತಿದ್ದ ಹಾಗೇ, ಇಂತಿಷ್ಟೇ ಎಂದು ಗೊತ್ತಾಗುವ ಹಾಗೆ. ಐಸ್ ನೀರು ಸ್ವಲ್ಪ ಹೆಚ್ಚಾಗಿರಬೇಕು.

"ತಣ್ಣಗಿದೆ. ಇವತ್ತು ಜಾಸ್ತಿ ಹೊತ್ತು ಬೇಕು" ಎಂದೆ.

ಅಣ್ಣನ ಮುಖ ಸಣ್ಣದಾಯಿತು. ಹಾಸ್ಟೆಲ್ ಬುಟ್ಟಿಗೆ ಆಟೋ ಬರುವ ಹೊತ್ತು ಎಂದೂ ಬದಲಾಗುವುದಿಲ್ಲ. ಅಚ್ಚಿಗೆ ಹಾಕಿ ಇಟ್ಟೆವು. ಎಂದಿನ ಹೊತ್ತಾಯಿತು. ಹಿಟ್ಟು ಅಚ್ಚಿನ ಅಂಚಿಗೂ ಬಂದಿರಲಿಲ್ಲ. ಹೊರಗೆ ಆಟೋದವನು ಹಾರ್ನ್ ಹೊಡೆದ.

"ಸಾಕು ಪುಟ್ಟಿ, ಕೊಡು. ತಡವಾದ್ರೆ ಅವರು ಬೇರೆ ಕಡೆ ನೋಡ್ಕೋತಾರೆ."

"ಕೊಟ್ರೆ ಇಟ್ಟಿಗೆ ಆಗತ್ತೆ ಅಣ್ಣ."

"ಹೋದ ಸಲಾನೂ ನೀನು ಇಷ್ಟೇ ಗಟ್ಟಿಯಾಗಿ ಹೇಳಿದ್ದೆ!"

ಅದು ನಿಜ. ಅವನು ಟ್ರೇಗೆ ಕೈ ಹಾಕಿದ. ಆಗ ಅತ್ತಿಗೆ ಎಣ್ಣೆಯ ಕೈಯಲ್ಲೇ ಟ್ರೇಯ ಇನ್ನೊಂದು ತುದಿ ಹಿಡಿದುಕೊಂಡರು. ಥರ್ಮಾಮೀಟರ್ ಅವರ ಏಪ್ರನ್ ಜೇಬಿನಲ್ಲೇ ಇತ್ತು, ತುದಿ ನನಗೆ ಕಾಣುತ್ತಿತ್ತು. ಅದನ್ನು ಅವರು ತೆಗೆಯಲಿಲ್ಲ.

"ಕಾಯ್ರೀ. ಅವಳ ಕೈ ಹೇಳಿದೆಯಲ್ಲ."

"ನೀನೂ ಶುರು ಮಾಡಿದ್ಯಾ?"

"ಹಾಸ್ಟೆಲ್‌ನವರಿಗೆ ನಾನು ಹೇಳ್ಕೋತೀನಿ. ಟ್ರೇ ಕೆಳಗಿಡಿ."

ಅಣ್ಣ ಇಟ್ಟ. ಅತ್ತಿಗೆ ಹೊರಗೆ ಹೋಗಿ ಆಟೋದವನಿಗೆ ಟೀ ಕೊಟ್ಟು ಕೂರಿಸಿದರು. ನಾವು ಕಾದೆವು. ಹಿಟ್ಟು ನಿಧಾನಕ್ಕೆ ಅಂಚು ದಾಟಿ ಗುಂಡಗಾಯಿತು. ಈಗ ಎಂದೆ.

ಬ್ರೆಡ್ಡು ಹೇಗೆ ಬಂತು ಎಂದು ನಾನೇ ಬರೆದುಕೊಳ್ಳುವುದು ಜಂಬವಾಗುತ್ತದೆ. ಜಂಬವೇ ಇರಲಿ: ಅಷ್ಟು ಒಳ್ಳೆಯ ಬ್ರೆಡ್ಡು ಈ ವರ್ಷ ಈ ಓವನ್ನಿನಿಂದ ಹೊರಬಂದಿಲ್ಲ. ಅಣ್ಣ ಒಂದನ್ನು ಕಿವಿಯ ಬಳಿ ಹಿಡಿದು ಒತ್ತಿ ನೋಡಿ ಹಾಸ್ಟೆಲ್ ಬುಟ್ಟಿಗೆ ಹಾಕಿದ. ಹೋಗುವಾಗ ನನ್ನ ತಲೆಯ ಮೇಲೆ ಕೈ ಇಟ್ಟು ಹೋದ. ಕೂದಲೆಲ್ಲ ಮೈದಾ ಆಯಿತು.

ಏಪ್ರಿಲ್ ೪, ಶನಿವಾರ

ಸೋಮವಾರದಿಂದ ಹಿಟ್ಟು ಮತ್ತೆ ನನ್ನದು. ಅಣ್ಣನ ಬಾಯಿಂದಲೇ ಬಂದ ಮಾತು.

ಅತ್ತಿಗೆಗೆ ಹೇಳೋಣವೆಂದು ಕೌಂಟರಿಗೆ ಹೋದೆ. ಅಲ್ಲಿ ಗೋಡೆಗೆ ತಲೆ ಆನಿಸಿ ಕೂತಲ್ಲೇ ನಿದ್ದೆ ಹೋಗಿದ್ದರು, ಬಾಯಿ ಸ್ವಲ್ಪ ತೆರೆದಿತ್ತು. ಮಣಿಕಟ್ಟು ಬಾತುಕೊಂಡು ಬಳೆ ಬಿಗಿಯಾಗಿತ್ತು. ಕಣ್ಣ ಕೆಳಗೆ ಕಪ್ಪು. ಇದು ಎಂದಿನಿಂದ? ಹಿಟ್ಟು ಮುಗಿಸಿ ಬಂದ ಅವರ ಪಕ್ಕದಲ್ಲೇ ದಿನಾ ಕೌಂಟರಿನಲ್ಲಿ ಕೂತಿದ್ದವಳು ನಾನು. ಬನ್ನು ನಿನ್ನೆಯದೋ ಇವತ್ತಿನದೋ ಎಂದು ದೂರದಿಂದಲೇ ಹೇಳುವ ನನಗೆ ಇದು ಕಾಣಿಸಿರಲಿಲ್ಲ.

ಅವರ ಕೈ ಹಿಡಿದು ನೋಡಿದೆ. ಬೆಚ್ಚಗಿತ್ತು, ಸದ್ಯ. ಅವರು ಗಾಬರಿಯಿಂದ ಎದ್ದರು.

"ಗಿರಾಕಿ ಬಂದ್ರಾ?"

"ಯಾರೂ ಇಲ್ಲ. ಅತ್ತಿಗೆ, ನಿಮಗೆ ನಿದ್ದೆ ಹೇಗೆ ಬರ್ತಿದೆ?"

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಇದೇನು, ಡಾಕ್ಟರಮ್ಮನ ಥರ ಕೇಳ್ತಿದ್ದೀಯ?"

"ಹೇಳಿ."

"ಬರತ್ತೆ. ಆದ್ರೆ ಅಷ್ಟೊತ್ತಿಗೆ ಏಳೋ ಹೊತ್ತಾಗಿರತ್ತೆ" ಎಂದು ನಕ್ಕರು. ಆಮೇಲೆ ನಗು ನಿಂತುಹೋಯಿತು. "ಕೈ ಬಹಳ ನೋಯತ್ತೆ ಪುಟ್ಟಿ. ಹಿಟ್ಟು ಅಂದ್ರೆ ಇಷ್ಟು ಕಷ್ಟ ಅಂತ ಗೊತ್ತಿರ್ಲಿಲ್ಲ. ನೀನು ಹೇಗೆ ಮಾಡ್ತಿದ್ದೆ ಮಾರಾಯ್ತಿ, ಅದೂ ಅರ್ಧ ರಕ್ತದಲ್ಲಿ?"

ನನಗೆ ಅಪ್ಪ ಹೊಗಳಿದ್ದಾರೆ, ಊರು ಹೊಗಳಿದೆ. ಯಾವುದೂ ಹೀಗೆ ಎದೆಗೆ ತಾಗಿರಲಿಲ್ಲ.

ಏಪ್ರಿಲ್ ೬, ಸೋಮವಾರ

ನಿನ್ನೆಯೇ ಹೋಗಿ ಅತ್ತಿಗೆಯ ಅಲಾರಂ ಆಫ್ ಮಾಡಿ ಬಂದಿದ್ದೆ. ಅವರಿಗೆ ಹೇಳಲಿಲ್ಲ.

ಹಿಟ್ಟು ಕಲಸಿದೆ, ಬ್ರೆಡ್ಡು ಇಳಿಯಿತು, ಆಟೋ ಹೋಯಿತು. ಅಂಗಡಿ ತೆಗೆಯುವ ಹೊತ್ತಾದರೂ ಕೌಂಟರ್ ಖಾಲಿ. ಬೇಕರಿಯ ಹಿಂದೆಯೇ ಅಣ್ಣನ ಮನೆ. ಅವನು ಹಿತ್ತಲ ಬಾಗಿಲ ಕಡೆ ಹೊರಟ.

"ಇವಳಿಗೇನಾಯ್ತು? ಎಬ್ಬಿಸ್ತೀನಿ ತಾಳು."

"ಎಬ್ಬಿಸಿ ನೋಡು" ಎಂದೆ. ನನ್ನ ಕೈಯಲ್ಲಿ ಹಿಟ್ಟು ಕತ್ತರಿಸುವ ದೊಡ್ಡ ಬ್ಲೇಡ್ ಇತ್ತು. ಅದು ಆಕಸ್ಮಿಕ.

"ಗಿರಾಕಿ ಬರ್ತಾರಲ್ಲೇ!"

"ನೀನೇ ಕೂತ್ಕೋ."

ಕೂತ. ಚಿಲ್ಲರೆ ಎಲ್ಲಿದೆ, ಪೊಟ್ಟಣ ಎಲ್ಲಿದೆ ಎಂದು ಒಂದೊಂದಕ್ಕೂ ಕೂಗಿ ನನ್ನ ತಲೆ ತಿಂದ.

ಅತ್ತಿಗೆ ಬಂದಾಗ ಬಿಸಿಲು ಮೆಟ್ಟಿಲ ಮೇಲೆ ಬಂದಿತ್ತು. ಜಡೆ ಬಿಚ್ಚಿತ್ತು, ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು. ಬಾಗಿಲಲ್ಲಿ ನಿಂತು ನನಗೂ ಅಣ್ಣನಿಗೂ ಸೇರಿಸಿ ಬೈದರು. ಬುದ್ಧಿ ಇದೆಯಾ, ಒಬ್ಬರಾದರೂ ಎಬ್ಬಿಸಬಾರದಾ, ಅಲಾರಂ ಮುಟ್ಟಿದವರು ಯಾರು, ಜನ ಏನೆಂದುಕೊಳ್ಳುತ್ತಾರೆ. ಒಂದೇ ಉಸಿರಿನಲ್ಲಿ, ಎಲ್ಲೂ ತಡವರಿಸದೆ, ರಸ್ತೆಯ ಆಚೆಗೂ ಕೇಳುವ ಹಾಗೆ. ಎಷ್ಟೋ ವಾರಗಳಿಂದ ಅವರ ದನಿಯಲ್ಲಿ ಈ ಜೋರು ಇರಲಿಲ್ಲ.

ನಾನು ಹಿಟ್ಟಿನ ಕಡೆ ತಿರುಗಿಕೊಂಡು ಪೂರ್ತಿ ಕೇಳಿಸಿಕೊಂಡೆ. ಚೆನ್ನಾಗಿ ಮಲಗಿ ಎದ್ದಿದ್ದಾರೆ.